ಕಾಲರಿನ ಕೆಂಪು ನೂಲು

"ಏನ್ರೀ, ಇದು ಅಂಗೀನಾ, ಒಲೆ ಒರೆಸೋ ಬಟ್ಟೇನಾ?"

ಲಾಂಡ್ರಿಯ ಮೇಜಿನ ಮೇಲೆ ಬಿದ್ದಿದ್ದ ಆ ಅಂಗಿಯ ಗ್ರೀಸಿನಲ್ಲಿ ಒಂದು ರೈಲನ್ನೇ ಓಡಿಸಬಹುದಿತ್ತು! ಪಂಕ್ಚರ್ ಅಂಗಡಿಯವನು ತಲೆ ಕೆರೆದುಕೊಂಡ.

"ಅಂಗೀನೇ ಅಮ್ಮಾವ್ರೇ... ಹುಟ್ಟಿದಾಗ ಬೆಳ್ಳಗಿತ್ತು."

ಇಸ್ತ್ರಿಯವಳು ನಕ್ಕುಬಿಟ್ಟಳು. ಗಂಡ ಬಿಟ್ಟುಹೋದ ಮೇಲೆ ಆ ಬಾಯಿಂದ ಹೊರಟ ಮೊದಲ ನಗು ಅದು. ಕೇಳಿ ಇಸ್ತ್ರಿಪೆಟ್ಟಿಗೆಯೇ ಬೆವರಿತು ಅಂದರೆ ನೀವು ನಂಬಲೇಬೇಕು!

ಆ ನಗುವೇ ಅವನನ್ನು ಅವಳ ಒಂಟಿ ಕೋಣೆಗೆ ಕರೆತಂದಿತು. ಒಲೆ ಒಂದು, ಚಾಪೆ ಎರಡು, ನಡುವೆ ಆನೆ ತುಳಿದರೂ ಏಳದ ಮಗಳು ಪುಟ್ಟಿ. ಮದುವೆಯಿಲ್ಲದ ಸಂಸಾರ ಎಂದು ಓಣಿಯ ನಾಲಿಗೆಗಳೆಲ್ಲ ಮೊಳದುದ್ದ ಬೆಳೆದವು. ಬೆಳೆಯಲಿ ಬಿಡಿ!

ಅವಳನ್ನು ಕೊರೆದದ್ದು ಬೇರೆ. ಮೊಳೆಗೆ ನೇತುಹಾಕಿದ್ದ ಅವನ ಅಂಗಿಗಳು ಈಚೆಗೆ ಒಂದೊಂದಾಗಿ ಬಾಗಿಲ ಪಕ್ಕದ ಚೀಲ ಸೇರುತ್ತಿದ್ದವು.

'ಇವನೂ ಹೋಗುವವನೇ...'

ಕೇಳಲು ತ್ರಾಣವೆಲ್ಲಿ? ಇಡೀ ಊರಿನ ಹೊದಿಕೆಗಳಿಗೆ ಇಸ್ತ್ರಿ ಹಾಕಿ ಬರುವಷ್ಟರಲ್ಲಿ ಕೈಗಳು ಭುಜದಿಂದ ಕಳಚಿ ಹೊಸ್ತಿಲಲ್ಲೇ ಉಳಿದು, ಅವಳೊಬ್ಬಳೇ ಒಳಗೆ ಬರುತ್ತಿದ್ದಳು.

ಒಂದು ಮಧ್ಯಾಹ್ನ ಮಾತ್ರ ತಡೆಯಲಾಗಲಿಲ್ಲ.

"ಹೋಗೋದಾದ್ರೆ ಪುಟ್ಟಿ ಸ್ಕೂಲಿಂದ ಬರೋ ಮುಂಚೆ ಹೋಗಿಬಿಡಿ. ಅವಳ ಅಳು ನಿಲ್ಲಿಸೋ ಶಕ್ತಿ ನನಗಿಲ್ಲ."

ಅವನು ಚೀಲದಿಂದ ಒಂದು ಅಂಗಿ ತೆಗೆದು ಕಾಲರ್ ಮಗುಚಿದ. ಒಳಗೆ ಕೆಂಪು ನೂಲಿನ ಗುರುತು.

"ಲಾಂಡ್ರೀಲಿ ಗಿರಾಕಿ ಬಟ್ಟೆಗೆ ತಾನೇ ಇದನ್ನ ಹಾಕೋದು? ವಾಪಸ್ ಕಳಿಸೋಕೆ. ಪುಟ್ಟಿ ಫ್ರಾಕಿಗಿಲ್ಲ, ನಿನ್ನ ಬಟ್ಟೆಗಿಲ್ಲ... ನನಗೆ ಮಾತ್ರ. ನಾನಿನ್ನೂ ಗಿರಾಕೀನೇ ಅಂತ ಅರ್ಥ ಆಯ್ತು."

ಅವಳು ಹಣೆ ಚಚ್ಚಿಕೊಂಡ ಸದ್ದು ಏಳು ಓಣಿ ದಾಟಿತು!

"ಅಯ್ಯೋ ಪುಣ್ಯಾತ್ಮಾ! ನಿಮ್ಮ ಗ್ರೀಸು ಮನೆ ಸೋಪಿಗೆ ಜಗ್ಗುತ್ತಾ? ಓನರ್ ಕಣ್ಣು ತಪ್ಪಿಸಿ ಲಾಂಡ್ರಿಯ ಬಿಸಿನೀರಿಗೆ ಹಾಕ್ತಿದ್ದೆ. ಅಲ್ಲಿ ಊರಿನೋರ ಬಟ್ಟೆಯೆಲ್ಲ ರಾಶಿ. ಗುರುತಿಲ್ಲದಿದ್ರೆ..." ಅವಳ ಬೆರಳು ಆ ನೂಲನ್ನು ಸವರಿತು. "ಅದು ಕಳಿಸೋಕಲ್ಲ ರೀ... ಕಳ್ಕೋಬಾರದು ಅಂತ. ಒಂದ್ಸಲ ಕಳ್ಕೊಂಡವಳು ನಾನು."

ಅವನ ಕಣ್ಣಲ್ಲಿ ಎರಡು ಕೆರೆ ತುಂಬಿದವು. ಅಂಗಿಗಳನ್ನೆಲ್ಲ ಮತ್ತೆ ಮೊಳೆಗೆ ಹಾಕಿದ. ಖಾಲಿ ಚೀಲವನ್ನು ಮಡಚಿ ಅವಳ ಕೈಗೇ ಕೊಟ್ಟ.

"ಇದರಲ್ಲಿ ತರಕಾರಿ ತಂದುಕೋ. ಆಮೇಲೆ... ನನಗೂ ಒಂದು ಗುರುತು ಹಾಕಿಬಿಡು."

"ಇವತ್ತು ಸೂಜಿ ಹಿಡಿಯೋಕೂ ಕೈಲಾಗಲ್ಲ ಕಣ್ರೀ..." ಎನ್ನುತ್ತ ಅವಳು ಅವನ ಭುಜಕ್ಕೆ ಒರಗಿದಳು.

"ಅವಸರ ಏನಿಲ್ಲ. ನಾಳೇನೂ ಇಲ್ಲೇ ಇರ್ತೀನಿ."