ಬಿಚ್ಚಿದ ಹೆಸರು

ಮೇಜಿನ ಮೇಲೆ ಏಳನೇ ನಂಬರಿನ ಜೆರ್ಸಿ ಇತ್ತು. ಅದರ ಬೆನ್ನ ಮೇಲೆ ಗೋಕಿಲಾಳ ಹೆಸರಿರಲಿಲ್ಲ.

ಹೆಸರಿದ್ದ ಜಾಗದಲ್ಲಿ ಸೂಜಿಯ ತೂತುಗಳಷ್ಟೇ ಉಳಿದಿದ್ದವು. ಕೆಂಪು ದಾರದ ತುಂಡುಗಳು ನೆಲದ ಮೇಲೆ ಉದುರಿದ್ದವು. ದಾರ ಕತ್ತರಿಸುವ ಪುಟ್ಟ ಟ್ರಿಮ್ಮರ್ ಹಿಡಿದುಕೊಂಡು ಕೋಚ್ ಕಾರ್ತಿ ಅಲ್ಲೇ ನಿಂತಿದ್ದ.

ಅವತ್ತು ಶುಕ್ರವಾರ. ತಿರುಪ್ಪೂರಿನ ಆ ಬನಿಯನ್ ಕಂಪನಿಯಲ್ಲಿ ಬೆಳಗಿನ ಪೂಜೆಗೆ ಇನ್ನೂ ಒಂದು ಗಂಟೆಯಿತ್ತು. ಕಂಪನಿಯ ಹೆಣ್ಣುಮಕ್ಕಳ ವಾಲಿಬಾಲ್ ಟೀಮಿನಲ್ಲಿ ಆರು ವರ್ಷದಿಂದ ಆಡುತ್ತಿದ್ದ ಗೋಕಿಲಾ ಎಲ್ಲರಿಗಿಂತ ಮೊದಲು ಬಂದಿದ್ದಳು. ಪೂಜೆಯ ದಿನ ಅವಳು ಯಾವಾಗಲೂ ಬೇಗ ಬರುತ್ತಿದ್ದಳು. ಜೆರ್ಸಿಗಾಗಿ ಅಲ್ಲ... ಆ ಒಂದು ಗಂಟೆ ಕಾರ್ತಿಯ ಜೊತೆ ಮನೆಮಾತಿನಲ್ಲಿ, ಕನ್ನಡದಲ್ಲಿ, ನಾಲ್ಕು ಮಾತಾಡಬಹುದಲ್ಲ ಎಂದು.

"ಯಾರು ಬಿಚ್ಚಿದ್ದು ಸಾರ್?"

"ನಾನೇ."

"ಮುದಲಾಳಿ ಹೇಳಿದ್ರಾ?"

"ಇಲ್ಲ. ಈ ವರ್ಷ ನಿನಗೆ ಇಲ್ಲಿ ಜೆರ್ಸಿ ಇಲ್ಲ, ಗೋಕಿಲಾ."

ಅವನು ಟ್ರಿಮ್ಮರನ್ನು ಜೇಬಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದ.

ಗೋಕಿಲಾ ಅಳಲಿಲ್ಲ. ಅಳುವ ಹುಡುಗಿಯೂ ಅಲ್ಲ ಅವಳು. ಬಂದ ಬಸ್ಸಿನಲ್ಲೇ ಸೋಮನೂರಿಗೆ ಹಿಂದಿರುಗಿದಳು. ಅರ್ಧ ದಾರಿಯಲ್ಲಿ ಮಾತ್ರ ಕಣ್ಣು ಉರಿಯತೊಡಗಿತು. ಕಿಟಕಿಯ ಧೂಳು ಎಂದು ತನಗೆ ತಾನೇ ಹೇಳಿಕೊಂಡಳು.

ಆ ಜೆರ್ಸಿಯ ಸಂಗತಿ ಗೊತ್ತಿಲ್ಲದವರಿಗೆ ಇದೆಲ್ಲ ಅತಿಯಾಯಿತು ಅನ್ನಿಸಬಹುದು. ಕಂಪನಿಯ ಮಾಲೀಕರು, ಮುದಲಾಳಿ ಮಾರಪ್ಪನ್, ವರ್ಷಕ್ಕೊಮ್ಮೆ ಆಟಗಾರ್ತಿಯರ ಹೆಸರು ಹೊಲಿಸಿ, ಜೆರ್ಸಿಗಳನ್ನು ತಟ್ಟೆಯಲ್ಲಿಟ್ಟು, ದೇವಿ ಅಮ್ಮನ ಮುಂದೆ ಕರ್ಪೂರ ಹಚ್ಚಿ ಕೈಗೆ ಕೊಡುತ್ತಿದ್ದರು. ಹೆತ್ತವರನ್ನೂ ಕರೆಸುತ್ತಿದ್ದರು. ತೆಗೆದುಕೊಂಡರೆ ಮುಗಿಯಿತು, ಆ ವರ್ಷ ಅವಳು ಈ ಟೀಮಿನವಳು. ಸಂಬಳದ ಮಾತು ಅಮ್ಮನ ಮುಂದೆ ಯಾರು ಎತ್ತುತ್ತಾರೆ? ಮುದಲಾಳಿ ದೈವಭಕ್ತರು ಹೌದು, ಲೆಕ್ಕದಲ್ಲಿ ಪಕ್ಕಾ ಎನ್ನುವುದೂ ಹೌದು.

ಗೋಕಿಲಾಳ ಅಪ್ಪ ತಂಗವೇಲು ಪ್ರತಿ ವರ್ಷ ಕಣ್ಣು ತುಂಬಿಕೊಂಡು ಎರಡೂ ಕೈಯಲ್ಲಿ ಆ ಜೆರ್ಸಿ ಸ್ವೀಕರಿಸುತ್ತಿದ್ದ. ತಲೆಮಾರುಗಳಿಂದ ಬೇರೆಯವರಿಗೆ ಬಟ್ಟೆ ನೇಯ್ದುಕೊಟ್ಟ ಮನೆ. ಮಗಳ ಹೆಸರೇ ಬಟ್ಟೆಯ ಮೇಲೆ ಬಂದರೆ ಯಾವ ನೇಕಾರ ಬೇಡ ಎಂದಾನು? ಕೊಯಮತ್ತೂರಿನ ಪಂಪು ಕಂಪನಿಯ ಟೀಮಿನವರು ಎರಡು ವರ್ಷದಿಂದ ಗೋಕಿಲಾಳನ್ನು ಕೇಳುತ್ತಲೇ ಇದ್ದರು. ಅವರ ಫೋನ್ ಬಂದಾಗಲೆಲ್ಲ ಅಪ್ಪನದು ಒಂದೇ ಉತ್ತರ. ಅಮ್ಮನ ಮುಂದೆ ಜೆರ್ಸಿ ತೆಗೆದುಕೊಂಡು ಆಗಿದೆ, ಮಾತು ಕೊಟ್ಟು ಆಗಿದೆ.

ಹಾಗಾಗಿ ಹದಿನೆಂಟು ಸಾವಿರ ಸಂಬಳಕ್ಕೆ, ಮೊಣಕಾಲು ಸವೆಸುವ ಸಿಮೆಂಟ್ ನೆಲದ ಮೇಲೆ ಅವಳು ಆರು ವರ್ಷ ಹಾರಿದಳು. ಎಷ್ಟು ನಿಷ್ಠೆ ಎಂದು ಊರೆಲ್ಲ ಹೊಗಳಿತು!

ನಿಷ್ಠೆಯಂತೆ, ನಿಷ್ಠೆ... ಅವಳ ಮನಸ್ಸು ಅವಳಿಗೆ ಗೊತ್ತಿತ್ತು. ಮೊದಲ ದಿನ ಚೆಂಡು ಹೊಡೆಯಲು ಅವಳು ಹಿಂಜರಿದಾಗ, ನೆಟ್ಟಿನ ಹತ್ತಿರ ಚೆಂಡು ಎತ್ತಿಕೊಡುತ್ತ ಕಾರ್ತಿ ಬೇರೆ ಯಾರಿಗೂ ಕೇಳದ ಹಾಗೆ "ಹೆದರ್ಬೇಡ, ಹೊಡಿ" ಎಂದು ಕನ್ನಡದಲ್ಲಿ ಹೇಳಿದ್ದ. ನಮ್ಮವನೇ ಎಂದು ಅವಳಿಗೆ ತಿಳಿದದ್ದು ಆಗ. ಹೊಡೆದ ಚೆಂಡು ಎಲ್ಲಿ ಬಿತ್ತೋ ಅವಳು ನೋಡಲಿಲ್ಲ. ಅವನು ನಕ್ಕದ್ದನ್ನು ನೋಡಿದಳು.

ಆರು ವರ್ಷದಲ್ಲಿ ಅವನು ಪ್ರೀತಿಯ ಒಂದು ಮಾತಾಡಿದವನಲ್ಲ. ಅವಳ ಮೊಣಕಾಲಿಗೆ ಐಸ್ ಹಿಡಿದು ಕೂರುತ್ತಿದ್ದ. ಅವಳು ಊಟ ಮಾಡುವ ತನಕ ತಾನು ಮಾಡುತ್ತಿರಲಿಲ್ಲ. ಅಂಥವನೇ ತನ್ನ ಹೆಸರನ್ನು ಕುಳಿತು ಬಿಚ್ಚಿದ್ದಾನೆ!

ಸಂಜೆ ಮುದಲಾಳಿಯೇ ಫೋನ್ ಮಾಡಿದರು. ಏನೋ ತಪ್ಪಾಗಿದೆ ಅಮ್ಮಣಿ, ಎರಡು ದಿನದಲ್ಲಿ ಹೊಸದಾಗಿ ಹೊಲಿಸಿ ಕೊಡುತ್ತೇನೆ ಎಂದು ಬೆಲ್ಲದಂತೆ ಮಾತಾಡಿದರು. ಅಂದರೆ ಮುದಲಾಳಿಗೆ ಬೇಕು, ಕಾರ್ತಿಗೆ ಮಾತ್ರ ಬೇಡ. ಗೋಕಿಲಾಳ ಎದೆಗೆ ಇದು ಇನ್ನೂ ಆಳಕ್ಕೆ ಇಳಿಯಿತು. ಅಪ್ಪ ಫೋನಿಗೆ ಕೈ ಚಾಚುವ ಮೊದಲೇ ಅವಳು ಬೇಡ ಎಂದು ಫೋನ್ ಇಟ್ಟುಬಿಟ್ಟಳು.

ಎರಡನೇ ದಿನ, ಸುದ್ದಿ ತಿಳಿದು, ಪಂಪು ಕಂಪನಿಯ ಟೀಮ್ ಮ್ಯಾನೇಜರ್ ಶುಭಾ ಮನೆಗೇ ಬಂದರು. ಕೊಯಮತ್ತೂರಿನಲ್ಲೇ ಹುಟ್ಟಿ ಬೆಳೆದ ಕನ್ನಡದವರು. ಅಪ್ಪನಿಗೆ ಕೈ ಮುಗಿದು, ಕಾಫಿ ಕುಡಿದು, ನಂತರ ಅಪ್ಪನ ಕಡೆಯಲ್ಲ, ಗೋಕಿಲಾಳ ಕಡೆ ತಿರುಗಿ ಕುಳಿತರು.

"ನಿನಗೆ ಏನು ಬೇಕು, ಹೇಳಮ್ಮ."

ಗೋಕಿಲಾ ತಬ್ಬಿಬ್ಬಾದಳು. ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಬಾಯಿ ತೆರೆದ ಮೇಲೆ ನಿಲ್ಲಲಿಲ್ಲ! ಹಲಗೆ ಹಾಸಿದ ಅಂಕಣ ಬೇಕು ಎಂದಳು. ಎಡಗಡೆಯಿಂದ ಹೊಡೆಯುವ ಜಾಗ ಬೇಕು ಎಂದಳು. ತಿಂಗಳಿಗೆ ಐವತ್ತೈದು ಸಾವಿರ ಬೇಕು, ಅದು ತನ್ನ ಹೆಸರಿನ ಖಾತೆಗೇ ಬರಬೇಕು ಎಂದಳು. ಶುಭಾ ಒಂದೊಂದನ್ನೂ ಬರೆದುಕೊಂಡು, ಐವತ್ತೈದು ಎಂದಾಗ ಮಾತ್ರ ಒಮ್ಮೆ ತಲೆಯೆತ್ತಿ ನೋಡಿ, ಅದನ್ನೂ ಬರೆದುಕೊಂಡರು.

ಊರಿಗೆ ಬಾಯಿ ಬಂತು. ನಿನ್ನೆಯ ತನಕ ನಿಷ್ಠೆಯ ಹುಡುಗಿ, ಇವತ್ತು ಕಾಸಿನ ಹುಡುಗಿ. ಪತ್ರಿಕೆಯವನೊಬ್ಬ ಫೋನ್ ಮಾಡಿ, ಹಣಕ್ಕಾಗಿ ಟೀಮ್ ಬಿಟ್ಟಿರಂತೆ, ನಿಜವೇ ಎಂದು ಕೇಳಿದ.

"ನಿಜ. ಕಾಸಿಗೇ ಬಿಟ್ಟೆ," ಎಂದಳು ಗೋಕಿಲಾ. "ನಮ್ಮಪ್ಪ ಮೀಟರಿಗಿಷ್ಟು ಅಂತ ಕೂಲಿ ತಗೊಂಡು ನೇಯ್ತಾರೆ. ಪ್ರೀತಿಗೆ ನೇಯ್ತೀರಾ, ಕಾಸಿಗೆ ನೇಯ್ತೀರಾ ಅಂತ ಅವರನ್ನ ಯಾರಾದ್ರೂ ಕೇಳಿದ್ದೀರಾ? ನನ್ನನ್ನ ಯಾಕೆ ಕೇಳ್ತೀರಿ?"

ಅದು ಹಾಗೇ ಅಚ್ಚಾಯಿತು. ಅಪ್ಪ ಎರಡು ದಿನ ಮಾತು ಬಿಟ್ಟ. ಮೂರನೇ ದಿನ ಆ ತುಣುಕನ್ನು ಕತ್ತರಿಸಿ ಮಗ್ಗದ ಪಕ್ಕದ ಗೋಡೆಗೆ ಅಂಟಿಸಿದ.

ಆದರೆ ಹಲಗೆಯ ಅಂಕಣದಲ್ಲಿ ಹಾರಿ ಇಳಿಯುವಾಗಲೆಲ್ಲ, ಮೊಣಕಾಲು ನೋಯದೆ ಇದ್ದಾಗಲೆಲ್ಲ, ಐಸ್ ಹಿಡಿದು ಕೂತವನು ನೆನಪಾಗುತ್ತಿದ್ದ. ನನ್ನನ್ನು ಬೇಡ ಎಂದವನು ನನಗೆ ಯಾಕೆ ಬೇಕು? ಕೇಳಿಕೊಂಡರೆ ಉತ್ತರ ಸಿಗುತ್ತಿರಲಿಲ್ಲ, ಸಿಟ್ಟು ಸಿಗುತ್ತಿತ್ತು. ಆ ಸಿಟ್ಟನ್ನೆಲ್ಲ ಅವಳು ಚೆಂಡಿನ ಮೇಲೆ ತೀರಿಸಿಕೊಂಡಳು.

ನಾಲ್ಕು ತಿಂಗಳ ನಂತರ ಪೊಳ್ಳಾಚಿಯ ಟೂರ್ನಮೆಂಟಿನಲ್ಲಿ ಎರಡು ಟೀಮುಗಳೂ ಎದುರಾದವು. ತೆಂಗಿನ ತೋಪಿನ ಪಕ್ಕದ ಮೈದಾನ, ಇಳಿಬಿಸಿಲು. ಬನಿಯನ್ ಕಂಪನಿ ತನ್ನ ಕೆಲಸಗಾರರನ್ನು ವ್ಯಾನಿನಲ್ಲಿ ತುಂಬಿಕೊಂಡು ಬಂದಿತ್ತು. ಅದರಿಂದ ಇಳಿದ ಸಾಮಿಯಾತಾಳ್ ನೇರ ಗೋಕಿಲಾಳ ಹತ್ತಿರ ಬಂದಳು. ಎಂಬ್ರಾಯ್ಡರಿ ಸೆಕ್ಷನ್ನಿನ ಹಿರಿಯಳು, ಆರು ವರ್ಷವೂ ಗೋಕಿಲಾಳ ಹೆಸರು ಹೊಲಿದವಳು.

ಅವಳ ಹೊಟ್ಟೆಯಲ್ಲಿ ನಾಲ್ಕು ತಿಂಗಳಿಂದ ಒಂದು ಮಾತು ಕೂತಿತ್ತು. ಪೂಜೆಯ ಹಿಂದಿನ ದಿನ ತಾನು ಜೆರ್ಸಿಗಳನ್ನು ಆಫೀಸಿಗೆ ಒಯ್ದಾಗ, ಕಾರ್ತಿ ಮುದಲಾಳಿಯ ಮುಂದೆ ನಿಂತಿದ್ದನಂತೆ. ಗೋಕಿಲಾಳ ಸಂಬಳ ಏರಿಸಿ ಎಂದು ಕೇಳುತ್ತಿದ್ದನಂತೆ. ಮುದಲಾಳಿ ನಕ್ಕುಬಿಟ್ಟರಂತೆ.

"ಆ ಹುಡುಗಿ ನಿನ್ನ ಮುಖ ನೋಡ್ಕೊಂಡು ಇದ್ದುಬಿಡ್ತಾಳೆ, ನಾನ್ ಯಾಕೆ ಏರಿಸ್ಬೇಕು ಅಂದ್ರು ಕಣ್ಣಮ್ಮ," ಎಂದಳು ಸಾಮಿಯಾತಾಳ್. "ಆ ತಂಬಿ ಮುಖ ಕಪ್ಪಾಗಿ ಹೋಯ್ತು. ಕೆಳಗೆ ಬಂದು ನನ್ನ ಟ್ರಿಮ್ಮರ್ ಕೇಳ್ತು. ಅಮ್ಮನ ಮುಂದೆ ನಿಮ್ಮಪ್ಪ ಕೈ ಚಾಚೋಕೆ ಮುಂಚೆ ಬಿಚ್ಚಬೇಕು ಅಂತು. ಹೇಳಬೇಡ ಅಂತ ಆಣೆ ಬೇರೆ ಮಾಡಿಸ್ಕೊಳ್ತು."

ಮುದಲಾಳಿ ಅವನನ್ನು ಕೆಲಸದಿಂದ ತೆಗೆಯುವುದೆಂದು ಆಗಲೇ ಹೇಳಿದ್ದಾರೆ, ಈ ಟೂರ್ನಮೆಂಟ್ ಮುಗಿಯಲಿ ಎಂದಷ್ಟೇ ಇಟ್ಟುಕೊಂಡಿದ್ದಾರೆ ಎಂದೂ ಹೇಳಿದಳು.

ಇಂಥ ಹೊತ್ತಿನಲ್ಲಿ ಕಥೆಯ ನಾಯಕಿಯರು ಕಣ್ಣೀರಾಗಿ ಓಡಿಹೋಗಬೇಕು. ಗೋಕಿಲಾ ಷೂ ದಾರ ಬಿಗಿದು ಕಟ್ಟಿದಳು. ಎದೆಯಲ್ಲಿ ಕಲ್ಲೊಂದು ಕರಗಿತು, ನಿಜ. ಅದರ ಹಿಂದೆಯೇ ಹೊಸ ಸಿಟ್ಟೊಂದು ಹೊತ್ತಿಕೊಂಡಿತು.

ಆ ದಿನ ಅವಳು ಆಡಿದ ಆಟವನ್ನು ನೋಡಿದವರು ಇನ್ನೂ ಹೇಳುತ್ತಾರೆ. ಎಡಗಡೆಯಿಂದ ಹಾರಿದಳೆಂದರೆ ಚೆಂಡು ನೆಲಕ್ಕೇ. ಎದುರಿನ ಟೀಮಿನಲ್ಲಿ ಏಳನೇ ನಂಬರನ್ನು ಯಾರೂ ಹಾಕಿಕೊಂಡಿರಲಿಲ್ಲ. ಅದನ್ನು ನೋಡಿಯೂ ಅವಳು ಕರಗಲಿಲ್ಲ, ಇನ್ನೂ ಎರಡು ಪಾಯಿಂಟ್ ಹೊಡೆದಳು. ಮೂರು ಸೆಟ್ಟುಗಳಲ್ಲಿ ಹಳೆಯ ಟೀಮ್ ಸೋತಿತು.

ಕೈ ಕುಲುಕುವುದು ಮುಗಿದ ಮೇಲೆ ಅವಳು ನೆಟ್ಟಿನ ಕೆಳಗೆ ಬಗ್ಗಿ ಆಚೆ ಹೋದಳು. ಕಾರ್ತಿ ಒಬ್ಬನೇ ಚೆಂಡುಗಳನ್ನು ಚೀಲಕ್ಕೆ ತುಂಬುತ್ತಿದ್ದ. ತುಂಬಾ ಇಳಿದುಹೋಗಿದ್ದ. ಅವಳು ಮಾತು ಶುರು ಮಾಡಿದ್ದು ಕನ್ನಡದಲ್ಲಿ, ಅದೂ ಎಲ್ಲರಿಗೂ ಕೇಳುವಷ್ಟು ಜೋರಾಗಿ.

"ಮುದಲಾಳಿ ನನ್ನ ಕೇಳದೆ ಹೆಸರು ಹೊಲಿಸಿದ್ರು. ನೀವು ನನ್ನ ಕೇಳದೆ ಬಿಚ್ಚಿದ್ರಿ. ನಿಮ್ಮಿಬ್ಬರಿಗೂ ಏನು ವ್ಯತ್ಯಾಸ ಸಾರ್?"

ಚೀಲ ಅವನ ಕೈಯಿಂದ ಜಾರಿತು. ಸಾಮಿಯಾತಾಳ್ ಕಡೆ ಒಮ್ಮೆ ನೋಡಿದ. ಸಾಮಿಯಾತಾಳ್ ತೆಂಗಿನಮರ ನೋಡುತ್ತಿದ್ದಳು.

"ಹೇಳಿದ್ರೆ ನೀನು ಇದ್ದುಬಿಡ್ತಿದ್ದೆ," ಎಂದ ಮೆಲ್ಲಗೆ. "ನಾನು ಬಾಯಿಬಿಟ್ಟು ಹೇಳಿದ್ರೆ... ನನ್ನ ಮನಸ್ಸಲ್ಲಿರೋದು ಹೇಳಿದ್ರೆ... ಅದೇ ಸಿಮೆಂಟ್ ನೆಲ, ಅದೇ ಹದಿನೆಂಟು ಸಾವಿರ. ನನ್ನ ಪ್ರೀತಿ ಅವರಿಗೆ ಲಾಭ ಆಗ್ತಿತ್ತು ಗೋಕಿಲಾ."

ಪ್ರೀತಿ. ಆರು ವರ್ಷ ಕಾದ ಮಾತು ಚೆಂಡಿನ ಚೀಲದ ಪಕ್ಕ, ಇಷ್ಟು ಸಪ್ಪೆಯಾಗಿ ಬಂದಿತು! ಅವಳ ಕಣ್ಣು ತುಂಬಿತು. ಆದರೂ ತಲೆ ಎತ್ತಿಯೇ ನಿಂತಳು.

"ಇರ್ತಿದ್ದೆನೋ, ಹೋಗ್ತಿದ್ದೆನೋ. ಅದನ್ನ ನಾನು ಹೇಳ್ಬೇಕಾಗಿತ್ತು. ನಾಲ್ಕು ತಿಂಗಳು ನಾನು ನಿಮಗೆ ಬೇಡವಾದೆ ಅಂದ್ಕೊಂಡು ಬದುಕಿದೀನಿ. ಅದಕ್ಕೆ ಲೆಕ್ಕ ಇಲ್ವಾ?"

ಅವನು ತಲೆ ತಗ್ಗಿಸಲಿಲ್ಲ, ನೆಪ ಹೇಳಲಿಲ್ಲ. "ತಪ್ಪು ನನ್ನದೇ," ಎಂದ. "ವ್ಯತ್ಯಾಸ ಏನೂ ಇಲ್ಲ."

ಆ ಒಂದು ಮಾತಿಗೆ ಅವಳ ಸಿಟ್ಟು ಅರ್ಧಕ್ಕೆ ಇಳಿಯಿತು. ಉಳಿದರ್ಧವನ್ನು ಅವಳು ಸುಲಭವಾಗಿ ಬಿಡುವವಳಲ್ಲ.

"ನಾನು ಕಾಸಿಗೇ ಹೋದೆ. ಯಾರು ಕೇಳಿದ್ರೂ ಹಾಗೇ ಹೇಳ್ತೀನಿ, ನಾಚಿಕೆ ಇಲ್ಲ. ಆದ್ರೆ ಕಾಸಿನ ಮಾತಿಗೆ ಮುಂಚೆ ಅವರು ನನ್ನನ್ನ ಒಂದು ಮಾತು ಕೇಳಿದ್ರು. ಅದಕ್ಕೇ ಹೋದೆ."

"ಏನು ಕೇಳಿದ್ರು?"

"ನಿನಗೆ ಏನು ಬೇಕು ಅಂತ."

ಮೈದಾನದ ಆ ಬದಿಯಲ್ಲಿ ಶುಭಾ ನಿಂತು ನೋಡುತ್ತಿದ್ದರು. ಮುದಲಾಳಿ ಮಾರಪ್ಪನ್ ಕಾರಿನ ಬಾಗಿಲು ಹಿಡಿದುಕೊಂಡು ನೋಡುತ್ತಿದ್ದರು. ಒಂದು ಟೀಮಿನ ಕೋಚು, ಇನ್ನೊಂದು ಟೀಮಿನ ಆಟಗಾರ್ತಿ, ನೂರಾರು ಜನ... ಕಾರ್ತಿ ಯಾರನ್ನೂ ನೋಡಲಿಲ್ಲ. ಆರು ವರ್ಷ ಪಿಸುಮಾತಿನಲ್ಲಿ ಆಡಿದ ಮನೆಮಾತನ್ನು ಅವತ್ತು ದನಿಯೆತ್ತಿ ಆಡಿದ.

"ಗೋಕಿಲಾ, ನಿನಗೆ ಏನು ಬೇಕು?"

ಶುಭಾ ಕೇಳಿದಾಗ ಮಾತು ನಿಲ್ಲದೆ ಹರಿದಿತ್ತು, ಈಗ ಒಂದೊಂದನ್ನೇ ಎಣಿಸಿ ಹೇಳಿದಳು.

"ನಾನು ಕೊಯಮತ್ತೂರು ಟೀಮಲ್ಲೇ ಆಡ್ಬೇಕು."

"ಆಡು."

"ನಿಮಗೆ ಕೆಲಸ ಹೋಯ್ತು ಅಂತ ನಾನು ಶುಭಾ ಮೇಡಂ ಹತ್ರ ಕೇಳಲ್ಲ. ನಿಮ್ಮ ಟೀಮ್ ನೀವೇ ಹುಡುಕ್ಕೋಬೇಕು."

ಅವನ ತುಟಿಯಂಚಿನಲ್ಲಿ ನಾಲ್ಕು ತಿಂಗಳ ನಂತರ ನಗು ಮೂಡಿತು. "ಹುಡುಕ್ಕೋತೀನಿ."

"ಇನ್ನು ಮುಂದೆ ನನ್ನ ವಿಷಯ ಏನಿದ್ರೂ ಮೊದಲು ನನ್ನನ್ನ ಕೇಳ್ಬೇಕು. ನಮ್ಮಪ್ಪನ್ನ ಕೇಳೋಕೂ ಮುಂಚೆ."

ಅವನಿಗೆ ಅರ್ಥವಾಯಿತು. ಒಂದು ಹೆಜ್ಜೆ ಹತ್ತಿರ ಬಂದ.

"ಹಾಗಾದ್ರೆ ಈಗಲೇ ಕೇಳ್ತೀನಿ. ನನ್ನನ್ನ ಮದುವೆ ಆಗ್ತೀಯಾ?"

"ಯೋಚನೆ ಮಾಡಿ ಹೇಳ್ತೀನಿ," ಎಂದಳು ಗೋಕಿಲಾ.

ನೆಟ್ಟಿನ ಕೆಳಗೆ ಬಗ್ಗಿ ತನ್ನ ಕಡೆಗೆ ಹೋದಳು. ಬಾಟಲಿ ಎತ್ತಿ ನೀರು ಕುಡಿದಳು. ಟವಲಿನಲ್ಲಿ ಮುಖ ಒರೆಸಿ, ಬಿಚ್ಚಿಹೋಗಿದ್ದ ಜಡೆಯನ್ನು ಅವಸರವಿಲ್ಲದೆ ಮತ್ತೆ ಹೆಣೆದಳು. ಅವನು ನಿಂತಲ್ಲೇ ನಿಂತಿದ್ದ. ಕೇಳಿದವನು ಉತ್ತರಕ್ಕೆ ಕಾಯಬೇಕು, ಅದು ಹೇಗಿರುತ್ತದೆಂದು ಒಂದಿಷ್ಟು ತಿಳಿಯಲಿ!

ಮತ್ತೆ ನೆಟ್ಟಿನ ಕೆಳಗೆ ಬಗ್ಗಿ ಅವನ ಮುಂದೆ ಬಂದು ನಿಂತಳು.

"ಯೋಚನೆ ಮಾಡಿದ್ಯಾ?" ಎಂದ.

ಆರು ವರ್ಷದ 'ಸಾರ್' ಅವಳ ನಾಲಿಗೆಯ ತುದಿಯ ತನಕ ಬಂತು. ಅದನ್ನು ಅವಳು ಅಲ್ಲೇ ಬಿಟ್ಟಳು.

"ಮಾಡಿದೆ. ಹೂಂ ಅಂತ ಹೇಳೋಕೇ ಬಂದೆ, ಕಾರ್ತಿ."