ನೂರೊಂದು ಹಸಿರು ಕಲ್ಲುಗಳ ಬೆಲೆ

ಏಳು ಬೆಟ್ಟದ ಆಚೆ, ಏಳು ಹೊಳೆಯ ಈಚೆ, ಯಾವ ಕಾಲವೆಂದು ಹೇಳಲು ಈಗ ಯಾರೂ ಉಳಿಯದಷ್ಟು ಹಿಂದೆ, ಬಣ್ಣಬೀಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ಗುಡ್ಡಗಳಲ್ಲಿ ವೈಕ್ರಾಂತ ಎಂಬ ಕಲ್ಲು ಸಿಗುತ್ತಿತ್ತು. ವೈಕ್ರಾಂತಕ್ಕೆ ಇಂಥದೇ ಬಣ್ಣ ಎಂದಿಲ್ಲ. ಒಂದು ಹಸಿರಾದರೆ ಇನ್ನೊಂದು ಕೆಂಪು, ಮತ್ತೊಂದು ಜೇನಿನ ಬಣ್ಣ. ಕೆಲವು ಕಲ್ಲು ಹೊರಗೆ ಹಸಿರು, ಒಳಗೆ ಕೆಂಪು, ಥೇಟ್ ಕೊಯ್ದ ಕಲ್ಲಂಗಡಿ ಹಣ್ಣಿನ ಹಾಗೆ.

ಕಲ್ಲಿನ ವ್ಯಾಪಾರಕ್ಕೆ ಅಲ್ಲಿ ಒಂದು ಪದ್ಧತಿಯಿತ್ತು. ಬೆಳಗಿನ ಬಿಸಿಲು ಬೀದಿಗೆ ಬಿದ್ದ ಮೇಲೆಯೇ ಅಂಗಡಿ ತೆರೆಯಬೇಕು. ದೀಪದ ಬೆಳಕಿನಲ್ಲಿ ಕಲ್ಲು ತೋರಿಸುವವನನ್ನು ಯಾರೂ ನಂಬುತ್ತಿರಲಿಲ್ಲ. ಬೆಲೆಯನ್ನು ಬಾಯಿಬಿಟ್ಟು ಹೇಳಬಾರದು. ಕೊಳ್ಳುವವನ ಕೈಯೂ ಮಾರುವವನ ಕೈಯೂ ಒಂದು ವಸ್ತ್ರದ ಕೆಳಗೆ ಸೇರಬೇಕು. ಬೆರಳು ಒತ್ತಿ ಕೇಳಬೇಕು, ಬೆರಳು ಒತ್ತಿ ಹೇಳಬೇಕು. ಹೀಗೆ ಒಂದು ಕಲ್ಲು ಒಂದು ಆನೆಯ ಬೆಲೆಗೆ ಹೋಗುತ್ತಿತ್ತು. ಅಷ್ಟೇ ತೂಕದ ಇನ್ನೊಂದು ಕಲ್ಲು ಒಂದು ಸೇರು ಮಂಡಕ್ಕಿಗೆ ಹೋಗುತ್ತಿತ್ತು. ಇದಕ್ಕಾಗಿ ಯಾರೂ ಜಗಳವಾಡಿದ್ದಿಲ್ಲ.

ಆ ರಾಜ್ಯವನ್ನು ಧರಣಿವರ್ಮನೆಂಬ ಅರಸ ಆಳುತ್ತಿದ್ದ. ಕೆಟ್ಟವನಲ್ಲ. ಆದರೆ ತನಗೆ ತಿಳಿಯದ್ದು ಯಾವುದನ್ನು ಕಂಡರೂ ಅವನಿಗೆ ಸಿಟ್ಟು ಬರುತ್ತಿತ್ತು. ಅರಸರಿಗೆ ಬರಬಾರದ ರೋಗವೆಂದರೆ ಇದೇ. ಒಂದು ದಿನ ಅವನು ಊರಿನ ಹಿರಿಯ ಸಾಣೆಗಾರ ಮಾಚಯ್ಯನನ್ನು ಕರೆಸಿದ. ಅರವತ್ತು ವರ್ಷ ಸಾಣೆಚಕ್ರ ತಿರುಗಿಸಿ ಕಲ್ಲಿಗೆ ಹೊಳಪು ಕೊಟ್ಟವನು ಮಾಚಯ್ಯ.

"ಒಂದೇ ಗುಡ್ಡದ ಕಲ್ಲು, ಒಂದೇ ತೂಕ. ಒಂದಕ್ಕೆ ಆನೆ, ಒಂದಕ್ಕೆ ಮಂಡಕ್ಕಿ. ಇದು ಮೋಸವಲ್ಲದೆ ಮತ್ತೇನು?" ಎಂದು ಅರಸ ಕೇಳಿದ.

ಮಾಚಯ್ಯ ಕೈಮುಗಿದ. "ಬುದ್ಧಿ, ಕಣ್ಣಿಗೆ ಗೊತ್ತಾಗ್ತದೆ. ಬಾಯಲ್ಲಿ ಹೇಳೋಕೆ ನಂಗೆ ಬರೋದಿಲ್ಲ" ಎಂದ.

ಅದು ಪ್ರಾಮಾಣಿಕವಾದ ಮಾತು. ಆದರೆ ಪ್ರಾಮಾಣಿಕವಾದ ಮಾತು ಅರಮನೆಯಲ್ಲಿ ಅರ್ಧ ದಾರಿಯೂ ನಡೆಯುವುದಿಲ್ಲ. ಅದೇ ವಾರ ತುಲಾಕೇತು ಎಂಬ ಮಾಂತ್ರಿಕ ಆಸ್ಥಾನಕ್ಕೆ ಬಂದ. ಅವನ ಹೆಗಲ ಮೇಲೆ ಒಂದು ತಕ್ಕಡಿ, ಕೈಯಲ್ಲಿ ಒಂದೇ ಒಂದು ಕಬ್ಬಿಣದ ಗುಂಡು.

"ಮಹಾರಾಜ, ಲೋಕದಲ್ಲಿ ತೂಕವೊಂದೇ ನಿಜ. ಬಣ್ಣ, ಬೆಳಕು, ಅಪರೂಪ ಎಲ್ಲ ವ್ಯಾಪಾರಿಗಳ ಬಾಯಿಮಾತು. ಸಂತೆಯನ್ನು ನನಗೊಪ್ಪಿಸು. ಎಲ್ಲಕ್ಕೂ ಒಂದೇ ಬೆಲೆ ಮಾಡುತ್ತೇನೆ" ಎಂದ ಅವನು.

ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ಅರಸ ಸಂತೆಯನ್ನು ಒಪ್ಪಿಸಿದ.

ಅಂದಿನಿಂದ ಎಲ್ಲ ಕಲ್ಲೂ ತಕ್ಕಡಿಯ ಮೇಲೆ ಬಂತು. ತೂಕಕ್ಕೆ ಬೆಲೆ ಎಂದ ಮೇಲೆ ಸಾಣೆಗಾರರು ಕಲ್ಲಿನ ತೂಕ ಉಳಿಸಲು ಕಲಿತರು. ಅಡ್ಡ ಕೊಯ್ಯಬೇಕಾದ್ದನ್ನು ಉದ್ದ ಕೊಯ್ದರು, ಬಿಡಿಸಬೇಕಾದ ಕಲೆಯನ್ನು ಹಾಗೇ ಬಿಟ್ಟರು. ಒಂದು ವರ್ಷದೊಳಗೆ ಬಣ್ಣಬೀಡಿನ ಕಲ್ಲುಗಳೆಲ್ಲ ಮಂಕಾದವು. "ಇದು ಬೇರೆ, ಅದು ಬೇರೆ" ಎಂದು ಯಾರಾದರೂ ಬಾಯಿ ತೆರೆದರೆ ತುಲಾಕೇತು ಅವರನ್ನು ತಕ್ಕಡಿಯ ತಟ್ಟೆಯಲ್ಲಿ ಕೂರಿಸುತ್ತಿದ್ದ. ಕೂತವರು ಕೂತಲ್ಲೇ ಒಂದು ಚಿಕ್ಕ ಹಸಿರು ಕಲ್ಲಾಗುತ್ತಿದ್ದರು. ಹಾಗೆ ನೂರು ಜನ ಹೋದರು.

ನೂರೊಂದನೆಯವನು ಮಾಚಯ್ಯ. ಆನೆಯ ಬೆಲೆ ಬಾಳುವ ಒಂದು ಕಲ್ಲನ್ನು ಜಲ್ಲಿಯ ಜೊತೆ ಸುರಿಯುವುದನ್ನು ಕಂಡು ಅವನು ತಡೆಯಲಾರದೆ ಕೂಗಿದ. ಕೂಗಿದ್ದಕ್ಕೆ ಕಲ್ಲಾದ.

ಮಾಚಯ್ಯನಿಗೆ ಬಾಚಲೆ ಎಂಬ ಒಬ್ಬಳೇ ಮಗಳು. ತಾಯಿಯಿಲ್ಲದ ಹುಡುಗಿ, ಸಾಣೆಯ ಪಕ್ಕದಲ್ಲೇ ಬೆಳೆದವಳು. ಅವಳು ಸಂತೆಗೆ ಓಡಿಬಂದಾಗ ಅಪ್ಪನ ಚಪ್ಪಲಿ ಮಾತ್ರ ತಟ್ಟೆಯ ಕೆಳಗೆ ಇತ್ತು.

"ನಮ್ಮಪ್ಪನ್ನ ಕೊಡು" ಎಂದಳು.

ತುಲಾಕೇತು ನಕ್ಕ. "ಮೂರು ದಿನಕ್ಕೆ ವರ್ಷದ ಕೊನೆಯ ಅಮಾವಾಸ್ಯೆ. ಅಷ್ಟರೊಳಗೆ ಕಲ್ಲುಗಳ ಬಣ್ಣ ಆರಿಹೋಗುತ್ತದೆ. ಆಮೇಲೆ ಅವು ಬರೀ ಕಲ್ಲು. ಕಲ್ಲುಗಳೆಲ್ಲ ನನ್ನ ಗುಡ್ಡದ ಮೇಲಿವೆ. ಆ ದಾರಿಯಲ್ಲಿ ಎರಡು ಕಾವಲು, ಎರಡು ಪ್ರಶ್ನೆ. ಮೂರನೆಯ ಪ್ರಶ್ನೆ ಈ ತಕ್ಕಡಿಯದು. ಗೆದ್ದರೆ ಕರೆದುಕೊಂಡು ಹೋಗು. ಸೋತರೆ ನೀನು ನೂರೆರಡನೆಯವಳು."

ಬಾಚಲೆ ಹೊರಟಳು.

ಮೊದಲ ದಿನ ಗುಡ್ಡದ ಬಾಗಿಲಲ್ಲಿ ಒಂದು ಹುಲಿ ಅಡ್ಡ ಮಲಗಿತ್ತು. ಅದರ ಮುಂದೆ ಎರಡು ಕಲ್ಲು. ಒಂದು ಹಸಿರು, ಇನ್ನೊಂದು ಕಾಡಿಗೆಯಷ್ಟು ಕಪ್ಪು.

"ಎರಡೂ ಒಂದೇ ಬಂಡೆಯಲ್ಲಿ ಹುಟ್ಟಿದವು, ಎರಡರ ತೂಕವೂ ಒಂದೇ. ಬೆಲೆ ಒಂದೇ ಅಲ್ಲವೇ?" ಎಂದಿತು ಹುಲಿ.

ಬಾಚಲೆ ಕಪ್ಪು ಕಲ್ಲನ್ನು ಎತ್ತಿ ಬಿಸಿಲಿಗೆ ಹಿಡಿದಳು. ಮುಂದಿನಿಂದ ನೋಡಿದಳು, ಕತ್ತಲೆ. ಪಕ್ಕಕ್ಕೆ ತಿರುಗಿಸಿ ನೋಡಿದಳು. ಒಳಗೆ ಎಳೆ ಹುಲ್ಲಿನ ಹಸಿರು ಇತ್ತು.

"ಅಲ್ಲ, ಹುಲಿಯಣ್ಣ. ವೈಕ್ರಾಂತಕ್ಕೆ ಎರಡು ದಿಕ್ಕು. ಒಂದು ದಿಕ್ಕಿಂದ ನೋಡಿದ್ರೆ ಬೆಳಕು ಬಿಡೋದೇ ಇಲ್ಲ, ಇನ್ನೊಂದು ದಿಕ್ಕಿಂದ ನೋಡಿದ್ರೆ ತಿಳಿಯಾಗಿರ್ತದೆ. ಮುಖ ಎತ್ತ ಇಡಬೇಕು ಅಂತ ಕಡೆಯೋವ್ನಿಗೆ ಗೊತ್ತಿರಬೇಕು. ಇದನ್ನ ಕಡೆದೋನು ತೂಕ ಉಳಿಸ್ಕೊಂಡ, ಬೆಳಕು ಕಳ್ಕೊಂಡ. ಆ ಹಸಿರು ಕಲ್ಲಲ್ಲಿ ಒಬ್ಬ ಮನುಷ್ಯನ ವಿದ್ಯೆ ಇದೆ. ಅದಕ್ಕೇ ಅದರ ಬೆಲೆ ಹೆಚ್ಚು."

ಹುಲಿ ಎದ್ದು ದಾರಿ ಬಿಟ್ಟಿತು.

ಎರಡನೆಯ ದಿನ ಗುಡ್ಡದ ನೆತ್ತಿಯಲ್ಲಿ ಎತ್ತಿನಷ್ಟು ದೊಡ್ಡ ಕೊಕ್ಕರೆಯೊಂದು ಗೂಡು ಕಾಯುತ್ತಿತ್ತು. ಗೂಡಿನ ತುಂಬ ಕೆಂಪು ಕಲ್ಲು, ಸಾವಿರಗಟ್ಟಲೆ. ಅವುಗಳ ನಡುವೆ ಒಂದೇ ಒಂದು ನೀಲಿ.

"ಕೆಂಪೂ ಚೆಂದ, ನೀಲಿಯೂ ಚೆಂದ. ಎರಡರಲ್ಲೂ ಒಂದು ಕಲೆಯಿಲ್ಲ, ಎರಡನ್ನೂ ಒಬ್ಬನೇ ಕಡೆದದ್ದು. ಈಗಲಾದರೂ ಬೆಲೆ ಒಂದೇ ಅಲ್ಲವೇ?" ಎಂದಿತು ಕೊಕ್ಕರೆ.

"ಕೆಂಪನ್ನ ಎಲ್ಲಿಂದ ತಂದೆ?" ಎಂದು ಬಾಚಲೆ ಕೇಳಿದಳು.

"ಇಲ್ಲೇ ಕೆಳಗಿನ ಹಳ್ಳದಿಂದ. ದಿನಕ್ಕೆ ಒಂದೋ ಎರಡೋ."

"ನೀಲೀನ?"

ಕೊಕ್ಕರೆ ನೀಲಿ ಕಲ್ಲನ್ನು ರೆಕ್ಕೆಯ ಕೆಳಗೆ ಎಳೆದುಕೊಂಡಿತು. ಆಮೇಲೆ ಹೇಳಿತು: "ಹನ್ನೆರಡು ವರ್ಷ ಹಾರಿದೆ. ನನ್ನ ಜೊತೆ ಹೊರಟ ನನ್ನ ಜೋಡಿ ದಾರಿಯಲ್ಲೇ ಸತ್ತುಹೋಯಿತು."

"ಮತ್ತೆ ನನ್ನನ್ನ ಯಾಕೆ ಕೇಳ್ತೀಯವ್ವ?" ಎಂದಳು ಬಾಚಲೆ.

ಕೊಕ್ಕರೆಯ ಕಣ್ಣಿನಿಂದ ನೀರು ಸುರಿಯಿತು. ಒಡೆಯ ಸಾವಿರ ಸಲ ಹೇಳಿಕೊಟ್ಟ ಉತ್ತರವನ್ನು ಅದು ಮರೆತುಬಿಟ್ಟಿತು. ರೆಕ್ಕೆ ಮಡಿಸಿ, ಗೂಡಿನ ಅಡಿಯಲ್ಲಿ ಬಚ್ಚಿಟ್ಟಿದ್ದ ಒಂದು ಗೋಣಿಚೀಲವನ್ನು ಅವಳ ಕಡೆಗೆ ನೂಕಿತು. ಅದರಲ್ಲಿ ನೂರೊಂದು ಹಸಿರು ಕಲ್ಲುಗಳಿದ್ದವು.

ಮೂರನೆಯ ದಿನ ಬೆಳಗ್ಗೆ ಬಾಚಲೆ ಚೀಲ ಹೊತ್ತು ಸಂತೆಗೆ ಬಂದಳು. ಊರೆಲ್ಲ ಬಂದು ನಿಂತಿತ್ತು. ಅರಸನೂ ಬಂದಿದ್ದ. ತುಲಾಕೇತು ಚೀಲವನ್ನು ನೆಲಕ್ಕೆ ಸುರಿದ.

"ನಿನ್ನಪ್ಪ ಯಾವುದು, ತೋರಿಸು. ಅವನ ಬೆಲೆಯೆಷ್ಟು, ಹೇಳು. ತಕ್ಕಡಿ ಒಪ್ಪಬೇಕು" ಎಂದ.

ಬಾಚಲೆ ಒಂದೊಂದನ್ನೇ ಬಿಸಿಲಿಗೆ ಹಿಡಿದಳು. ಉದ್ದಕ್ಕೆ ನೋಡಿದಳು, ಅಡ್ಡಕ್ಕೆ ನೋಡಿದಳು. ಬಣ್ಣ ಒಂದೇ, ತೂಕ ಒಂದೇ, ಕಡೆದ ರೀತಿ ಒಂದೇ. ಯಾವುದರಲ್ಲೂ ಕೂದಲೆಳೆಯಷ್ಟು ಗೀರಿಲ್ಲ. ಅಪ್ಪ ಕಲಿಸಿದ ವಿದ್ಯೆಯೆಲ್ಲ ಅಲ್ಲಿಗೆ ಮುಗಿಯಿತು. ಅವಳಿಗೆ ಅಳು ಬಂತು. ನೂರೊಂದು ಕಲ್ಲಿನ ಮುಂದೆ ಮಂಡಿಯೂರಿ ಅವಳು ಅತ್ತಳು, ಯಾರಿಗೂ ನಾಚದೆ.

ಅತ್ತು ಮುಗಿದ ಮೇಲೆ ಸೆರಗನ್ನು ಕಲ್ಲುಗಳ ಮೇಲೆ ಹಾಸಿದಳು. ಕಣ್ಣಿಗೆ ಗೊತ್ತಾಗದ್ದು ಕೈಗೆ ಗೊತ್ತಾದೀತು ಎಂದು ವಸ್ತ್ರದ ಕೆಳಗೆ ಕೈಯಿಟ್ಟಳು. ಒಂದು ಕಲ್ಲು ತಣ್ಣಗಿತ್ತು. ಎರಡನೆಯದೂ ತಣ್ಣಗಿತ್ತು. ಎಷ್ಟು ಹೊತ್ತು ಹಿಡಿದರೂ ಅವು ಬಿಸಿಯಾಗಲಿಲ್ಲ. ನಲವತ್ತನೆಯದೋ ಐವತ್ತನೆಯದೋ ಇರಬೇಕು, ಅಂಗೈ ತಾಗುತ್ತಲೇ ಬೆಚ್ಚಗಾಯಿತು.

"ಇದು ನಮ್ಮಪ್ಪ" ಎಂದಳು.

"ಬೆಲೆ?" ಎಂದ ತುಲಾಕೇತು, ವಸ್ತ್ರದ ಕೆಳಗೆ ತನ್ನ ಕೈಯನ್ನೂ ತಂದು. "ಈ ತೂಕಕ್ಕೆ ಒಂದು ಸೇರು ರಾಗಿ."

ಬಾಚಲೆ ಅವನ ಎರಡು ಬೆರಳನ್ನು ಗಟ್ಟಿಯಾಗಿ ಒತ್ತಿದಳು.

"ಎರಡು ಸೇರೇ?"

"ಎರಡು ಕಣ್ಣು. ಸಾಣೆ ಹಿಡಿಯೋಳಿಗೆ ಕಣ್ಣು ಬಿಟ್ರೆ ಬೇರೆ ಆಸ್ತಿ ಏನಿದೆ? ತಗೋ."

ಕಲ್ಲನ್ನು ತಟ್ಟೆಯಲ್ಲಿಟ್ಟಳು. ಯಾವತ್ತೂ ಅಲುಗದ ಕಬ್ಬಿಣದ ಗುಂಡು ಮೇಲಕ್ಕೆ ಎದ್ದಿತು. ಆ ಸಣ್ಣ ಕಲ್ಲು ಕೆಳಗಿಳಿಯಿತು. ತುಲಾಕೇತುವಿನ ಮುಖ ಬಿಳಿಚಿತು. ಅವನು ಅವಳ ಕಣ್ಣಿಗೆ ಕೈಚಾಚುವಷ್ಟರಲ್ಲಿ ಗುಂಪಿನಿಂದ ಒಬ್ಬ ಹೆಂಗಸು ನುಗ್ಗಿದಳು.

"ತಾಳಪ್ಪ, ಅದರಲ್ಲಿ ನನ್ನ ಗಂಡನೂ ಇದಾನೆ" ಎಂದು ವಸ್ತ್ರದ ಕೆಳಗೆ ಕೈಹಾಕಿದಳು. ಅವಳಿಗೆ ಒಂದು ಕಲ್ಲು ಬೆಚ್ಚಗಾಯಿತು. ಅವಳು ಕೊಟ್ಟ ಬೆಲೆ ಕೊಟ್ಟಿಗೆಯಲ್ಲಿದ್ದ ಒಂದೇ ಎಮ್ಮೆ. ಒಬ್ಬ ಮುದುಕ ಮಗನಿಗಾಗಿ ತನ್ನ ಉಳಿದ ಆಯುಷ್ಯ ಕೊಡುತ್ತೇನೆಂದ. ಒಬ್ಬ ಪುಟ್ಟ ಹುಡುಗಿ ಅಜ್ಜಿಗಾಗಿ ತನ್ನ ಬಾಯಿಯಲ್ಲಿದ್ದ ಬೆಲ್ಲದ ತುಂಡನ್ನು ತೆಗೆದುಕೊಟ್ಟಳು. ತಕ್ಕಡಿ ಅದನ್ನೂ ಒಪ್ಪಿಕೊಂಡಿತು. ಒಬ್ಬ ಸಿರಿವಂತ ಅಣ್ಣನಿಗಾಗಿ ನೂರು ವರಹ ಇಟ್ಟ, ಕಲ್ಲು ಜಗ್ಗಲಿಲ್ಲ. ತಲೆ ತಗ್ಗಿಸಿ, ಅಣ್ಣನಿಂದ ಕಿತ್ತುಕೊಂಡಿದ್ದ ಗದ್ದೆಯನ್ನು ಹಿಂದಕ್ಕೆ ಕೊಡುವೆನೆಂದ ಮೇಲೆ ಜಗ್ಗಿತು.

ನೂರು ಕಲ್ಲು, ನೂರು ಬೆಲೆ. ಒಂದರ ಹಾಗೆ ಇನ್ನೊಂದಿಲ್ಲ. ತಕ್ಕಡಿಯ ದಂಡ ಗಾಳಿಗೆ ಸಿಕ್ಕ ಬಾಳೆಲೆಯಂತೆ ತೊನೆಯತೊಡಗಿತು. ಆದರೆ ಮುರಿಯಲಿಲ್ಲ. ಕಲ್ಲಾದವರು ಯಾರೂ ಇನ್ನೂ ಮನುಷ್ಯರಾಗಿರಲಿಲ್ಲ.

ತುಲಾಕೇತು ಗಹಗಹಿಸಿ ನಕ್ಕ. "ನೋಡಿ, ಒಂದು ಉಳಿದಿದೆ!"

ಹೌದು, ವಸ್ತ್ರದ ಕೆಳಗೆ ಒಂದು ಕಲ್ಲು ಉಳಿದಿತ್ತು. ಅದಕ್ಕೆ ಯಾರೂ ಬರಲಿಲ್ಲ.

"ಇದಕ್ಕೆ ಯಾರ ಬೆಲೆಯೂ ಇಲ್ಲ. ಉಳಿದದ್ದು ತೂಕ ಮಾತ್ರ. ಒಂದು ಕಲ್ಲು ನನ್ನ ಲೆಕ್ಕಕ್ಕೆ ನಿಂತರೂ ಸಾಕು, ಎಲ್ಲವೂ ನನ್ನದೇ. ಸಂಜೆಯಾಗಲಿ" ಎಂದ ಮಾಂತ್ರಿಕ.

ಬಾಚಲೆ ಆ ಕಲ್ಲನ್ನು ಹಿಡಿದಳು. ತಣ್ಣಗೇ ಇತ್ತು. ಮುದುಕ ಹಿಡಿದ, ಹುಡುಗಿ ಹಿಡಿದಳು. ತಣ್ಣಗೇ ಇತ್ತು.

ಆಗ ಧರಣಿವರ್ಮ ರಥದಿಂದ ಇಳಿದು ಬಂದು ಧೂಳಿನಲ್ಲಿ ಕೂತ. ವಸ್ತ್ರದ ಕೆಳಗೆ ಕೈಯಿಟ್ಟ. ಕಲ್ಲು ಬೆಚ್ಚಗಾಗಲಿಲ್ಲ. ಕಿರೀಟವನ್ನು ತೆಗೆದು ತಕ್ಕಡಿಯಲ್ಲಿಟ್ಟ, ತಟ್ಟೆ ಅಲುಗಲಿಲ್ಲ. ಅರ್ಧ ರಾಜ್ಯ ಎಂದ, ಪೂರ್ತಿ ರಾಜ್ಯ ಎಂದ. ಅಲುಗಲಿಲ್ಲ. ಹೊತ್ತು ಇಳಿಯುತ್ತಿತ್ತು. ನೂರು ಕಲ್ಲುಗಳ ಹಸಿರು ನೋಡನೋಡುತ್ತಿದ್ದಂತೆ ಬೂದಿಬಣ್ಣಕ್ಕೆ ತಿರುಗುತ್ತಿತ್ತು. ಬಾಚಲೆ ಅಪ್ಪನ ಕಲ್ಲನ್ನು ಎದೆಗೊತ್ತಿಕೊಂಡು ಅರಸನ ಮುಖವನ್ನೇ ನೋಡುತ್ತಿದ್ದಳು.

ಅರಸ ಮೆಲ್ಲಗೆ ಹೇಳಿದ: "ಅಪ್ಪಾ, ನೀನು ಯಾರೋ ನನಗೆ ಗೊತ್ತಿಲ್ಲ. ನಿನ್ನ ಹೆಸರೂ ಗೊತ್ತಿಲ್ಲ. ನನಗೆ ತಿಳಿಯದ್ದೆಲ್ಲ ಸುಳ್ಳು ಅಂದುಕೊಂಡೆ. ಅದಕ್ಕೆ ನಿನಗೆ ಈ ಗತಿ ಬಂತು. ಇವರಿಗೆಲ್ಲ ಯಾರಾದರೂ ಇದ್ದಾರೆ. ನಿನ್ನನ್ನು ಕೇಳುವವರು ಯಾರೂ ಇಲ್ಲ ಅಂತ ಗೊತ್ತಾದ ಮೇಲೂ ನಾನು ಎದ್ದು ಹೋದರೆ ನಾನು ಅರಸನಲ್ಲ. ನೀನು ಕಲ್ಲಾಗಿಯೇ ಉಳಿದರೆ ನಾನೂ ನಿನ್ನ ಪಕ್ಕದಲ್ಲಿ ಈ ತಟ್ಟೆಯಲ್ಲಿ ಕೂರುತ್ತೇನೆ."

ಹೇಳಿದ್ದಷ್ಟೇ ಅಲ್ಲ, ಎದ್ದು ತಟ್ಟೆಯಲ್ಲಿ ಕಾಲಿಟ್ಟ.

ಕಲ್ಲು ಅವನ ಅಂಗೈಯಲ್ಲಿ ಬೆಚ್ಚಗಾಯಿತು.

ತಕ್ಕಡಿಯ ದಂಡ ಲಟಕ್ಕನೆ ಎರಡಾಗಿ ಮುರಿಯಿತು. ಕಬ್ಬಿಣದ ಗುಂಡು ಉರುಳಿ ತುಲಾಕೇತುವಿನ ಕಾಲಿಗೆ ತಾಗಿತು. ಅವನು ನಿಂತಿದ್ದಲ್ಲಿ ಒಂದು ಹಿಡಿ ಬೂದಿ ಉಳಿಯಿತು. ಆ ಬೂದಿಗೆ ತೂಕವೇ ಇರಲಿಲ್ಲ. ಗಾಳಿ ಬಂದು ಎತ್ತಿಕೊಂಡು ಹೋಯಿತು. ನೂರೊಂದು ಕಲ್ಲುಗಳು ನೂರೊಂದು ಮನುಷ್ಯರಾಗಿ ಎದ್ದು ನಿಂತವು. ಬೆಲೆಯನ್ನು ತೆಗೆದುಕೊಳ್ಳುವವನೇ ಇಲ್ಲವಾದ್ದರಿಂದ ಬಾಚಲೆಯ ಕಣ್ಣು ಅವಳಲ್ಲೇ ಉಳಿಯಿತು. ಆ ಕಣ್ಣಿನಿಂದಲೇ ಅವಳು ಅಪ್ಪನನ್ನು ನೋಡಿದಳು.

ಮಾಚಯ್ಯ ಮಗಳ ತಲೆ ಸವರಿ ಗದರಿದ: "ಕಣ್ಣು ಕೊಡ್ತೀನಿ ಅಂದ್ಯಂತೆ. ಇಷ್ಟು ಮುದಿ ಕಲ್ಲಿಗೆ ಅಷ್ಟು ಬೆಲೆ ಯಾರಾದ್ರೂ ಕೊಡ್ತಾರೇನೆ?"

"ನಂಗೆ ಅಷ್ಟೇ ಕಾಣಿಸ್ತಪ್ಪ" ಎಂದಳು ಬಾಚಲೆ.

ಅರಸನ ಎದುರಿಗೆ ಮಾತ್ರ ಒಬ್ಬ ಬಡಕಲು ಮನುಷ್ಯ ಕಣ್ಣುಜ್ಜುತ್ತ ನಿಂತಿದ್ದ. ಅವನು ದೂರದ ಕಡಲ ಕಡೆಯ ಉಪ್ಪು ಮಾರುವವನು. ಈ ಊರಿಗೆ ಬಂದದ್ದು ಒಂದೇ ದಿನ. ಒಂದು ಉಪ್ಪು ಅಡುಗೆಗೆ, ಒಂದು ಉಪ್ಪು ಉಪ್ಪಿನಕಾಯಿಗೆ, ಎರಡಕ್ಕೂ ಬೆಲೆ ಬೇರೆ ಎಂದಿದ್ದಕ್ಕೆ ಕಲ್ಲಾಗಿದ್ದ.

ಅವನಿಗೆ ಅರಸನ ಗುರುತು ಸಿಗಲಿಲ್ಲ. ಕಿರೀಟ ಮುರಿದ ತಕ್ಕಡಿಯಿಂದ ಉರುಳಿ ಧೂಳಿನಲ್ಲಿ ಬಿದ್ದಿತ್ತು. "ಅಣ್ಣಾ, ಇಲ್ಲೇ ಕಟ್ಟಿದ್ದೆ, ನನ್ನ ಕತ್ತೆ ಕಂಡ್ಯಾ? ಎಡಗಿವಿ ಹರಿದಿದೆ. ಬೇರೆಯವ್ರಿಗೆ ಅದು ಎರಡು ಕಾಸಿಗೂ ಬೇಡ. ಆದ್ರೆ ನಂಗೆ ಅದು ಬಿಟ್ರೆ ಯಾರೂ ಇಲ್ಲ" ಎಂದ.

"ಬಾ, ಹುಡುಕೋಣ" ಎಂದ ಅರಸ.

ಬಣ್ಣಬೀಡಿನ ಅರಸ ಅವತ್ತು ಉಪ್ಪಿನವನ ಜೊತೆ ಬೀದಿಬೀದಿ ತಿರುಗಿದ. ಕುಂಬಾರರ ಹಿತ್ತಲಲ್ಲಿ ಕತ್ತೆ ಸಿಕ್ಕಿತು. ಅದರ ಹಗ್ಗವನ್ನು ತಾನೇ ಹಿಡಿದು ಊರ ಬಾಗಿಲವರೆಗೂ ನಡೆದು ಬಂದ. ಆಮೇಲೆ ಆ ರಾಜ್ಯದಲ್ಲಿ ಸಾಣೆಗಳು ತಿರುಗಿದವು, ಕಲ್ಲುಗಳು ಹೊಳೆದವು, ಬೆಲೆಗಳು ಏರಿದವು, ಇಳಿದವು. ಎಲ್ಲರೂ ಉಂಡು, ನಕ್ಕು, ನೆಮ್ಮದಿಯಾಗಿ ಬಾಳಿದರು.