ಅಧ್ಯಕ್ಷರ ದನಿಯವನು

"ಅಲಸಂದೆಕಾಳು ತಿನ್ನೋಳೇ, ಬೇಗ ಬಾ. ದೇಶದ ಅಧ್ಯಕ್ಷರು ಕಾಯ್ತಾ ಇದಾರೆ!"

ಸೆಕುಬಾ ನನಗೆ ಆಡಿದ ಮೊದಲ ಮಾತೇ ಬೈಗುಳ. ಅವನದು ಕೇಯ್ತಾ ಮನೆತನ, ನನ್ನದು ಕೂಲಿಬಾಲಿ ಮನೆತನ. ಹಳೆಯ ವಾಡಿಕೆಯಂತೆ ಅವರು ನಮ್ಮನ್ನು ಹಾಗೆ ಅಣಕಿಸಬಹುದು, ನಾವು ಸಿಟ್ಟಾಗುವಂತಿಲ್ಲ.

"ಅಧ್ಯಕ್ಷರ ಹೊಟ್ಟೆ ಎಲ್ಲಿ? ಕಡ್ಡಿ ಥರ ಇದೀಯ."

"ರೇಡಿಯೋದಲ್ಲಿ ಹೊಟ್ಟೆ ಯಾರಿಗೆ ಕಾಣುತ್ತೆ, ನಾಂತೆನಿನ್?" ನನ್ನ ಹೆಸರು ಹಿಡಿದು ಕೇಳಿ, ಕಣ್ಣಂಚಿನಲ್ಲೇ ನಕ್ಕ.

ನಮ್ಮೂರ ರೇಡಿಯೋದ ಹಾಸ್ಯ ಕಾರ್ಯಕ್ರಮದಲ್ಲಿ ಅವನು ಥೇಟ್ ಅಧ್ಯಕ್ಷರದೇ ದನಿಯ ಅಧ್ಯಕ್ಷ, ನಾನು ಅಧ್ಯಕ್ಷರ ಹೆಂಡತಿ. "ನನ್ನ ಪ್ರೀತಿಯ ಪ್ರಜೆಗಳೇ..." ಎಂದು ಅವನು ಒಂದು ಉಸಿರಿನಷ್ಟು ತಡೆಯುತ್ತಿದ್ದ. ಆ ಸಂದಿಯಲ್ಲಿ ನಾನು ನುಗ್ಗಿ, "ಮೊದಲು ಪ್ಯಾಂಟ್ ಹಾಕ್ಕೊಳ್ರೀ!" ಎನ್ನಬೇಕು. ಮಿಲೋ ನದಿಯ ಎರಡೂ ದಡ ನಗುತ್ತಿದ್ದವು. ಮೈಕಿನ ಆಚೆ ಹುಬ್ಬೆತ್ತಿ, ತುಟಿ ಕಚ್ಚಿ ನನ್ನ ಮಾತಿಗೆ ಕಾಯುವ ಆ ನೋಟ! ಅದಕ್ಕಾಗಿಯೇ ನಾನು ಬೇಕೆಂದು ತಡ ಮಾಡುತ್ತಿದ್ದೆ.

"ಮಳೆಗಾಲ ಮುಗೀಲಿ, ನಿಮ್ಮಪ್ಪನಿಗೆ ಹೆಣ್ಣು ಕೇಳೋ ಕೋಲಾಕಾಯಿ ಕಳಿಸ್ತೀನಿ. ಮದುವೆ ಆಗ್ತೀಯಾ?"

"ಅಧ್ಯಕ್ಷರ ದನೀಲಿ ಕೇಳಿದ್ರೆ ಒಪ್ಪಲ್ಲ."

ತನ್ನದೇ ಒಡಕು ದನಿಯಲ್ಲಿ ಮತ್ತೆ ಕೇಳಿದ. ಒಪ್ಪಿದೆ.

ಕೋಲಾಕಾಯಿ ಬರುವ ಮೊದಲೇ ಸೈನಿಕರ ಜೀಪು ಬಂದು ಅವನನ್ನು ಒಯ್ದಿತು. ನಮ್ಮಿಬ್ಬರ ವಿಷಯ ಯಾರಿಗೂ ತಿಳಿಯಲೇ ಇಲ್ಲ.

ಅಧ್ಯಕ್ಷರು ಹಾಸಿಗೆ ಹಿಡಿದಿದ್ದಾರೆ, ಬಾಯಿ ಬಿದ್ದುಹೋಗಿದೆ ಎಂದು ಸಂತೆಯಲ್ಲಿ ಪಿಸುಮಾತು. ಆದರೆ ಒಂದು ಶುಕ್ರವಾರ ಸರ್ಕಾರಿ ರೇಡಿಯೋದಲ್ಲಿ ಅವರು ಮಾತಾಡಿದರು. "ನನ್ನ ಪ್ರೀತಿಯ ಪ್ರಜೆಗಳೇ..."

ಒಂದು ಉಸಿರಿನಷ್ಟು ಮೌನ.

ನಿಜವಾದ ಅಧ್ಯಕ್ಷರು ಎಂದೂ ಅಲ್ಲಿ ತಡೆದವರಲ್ಲ. ಅದು ನನಗಾಗಿ ಬಿಟ್ಟ ಸಂದಿ. ಕಡಲೆಕಾಯಿ ಸಾರಿನ ಸೌಟು ಕೈಯಿಂದ ಜಾರಿತು. ಅವನು ಬದುಕಿದ್ದ!

ಮಾತಾಡುತ್ತಿರುವುದು ಸೆಕುಬಾ ಎಂದು ನಾನು ಬಾಯಿಬಿಟ್ಟರೆ ಅವನನ್ನು ಕೊಂದೇಬಿಡುತ್ತಾರೆ. ಅಜ್ಜಿಯ ಕಥೆಯಲ್ಲಿ ರಾಕ್ಷಸನ ಪ್ರಾಣ ಗಿಳಿಯಲ್ಲಿರುತ್ತಿತ್ತು. ಇಲ್ಲಿ ನನ್ನ ಗಿಳಿಯ ಪ್ರಾಣವೇ ರಾಕ್ಷಸನಲ್ಲಿತ್ತು. ಊರೆಲ್ಲ ಶಪಿಸುವ ಆ ಮುದುಕ ನೂರು ವರ್ಷ ಬಾಳಲಿ ಎಂದು ಐದು ಹೊತ್ತಿನ ನಮಾಜಿನಲ್ಲೂ ಬೇಡಿದೆ. ಪ್ರತಿ ಶುಕ್ರವಾರ ರೇಡಿಯೋಗೆ ಕೆನ್ನೆ ಆನಿಸಿ, ಆ ಸಂದಿಯಲ್ಲಿ ಬರೀ ತುಟಿಯಲ್ಲಿ ಅವನಿಗೆ ಉತ್ತರ ಕೊಟ್ಟೆ.

ಒಂದು ಬೆಳಗ್ಗೆ ರೇಡಿಯೋದಲ್ಲಿ ಬೇರೆ ಯಾರದೋ ದನಿ ಕೇಳಿತು: "ಅಧ್ಯಕ್ಷರು ತೀರಿಕೊಂಡರು."

ಬೀದಿಯಲ್ಲಿ ಡೋಲು ಮೊಳಗಿತು. ಹೆಂಗಸರು ತಟ್ಟೆ ಬಡಿದು ಕುಣಿದರು. ಇನ್ನು ಆ ದನಿ ಅರಮನೆಗೆ ಬೇಡ. ಗುಟ್ಟು ಬಲ್ಲ ಬಾಯಿಯನ್ನು ಅವರು ಉಳಿಸುವುದಿಲ್ಲ. ನಾನು ಅಂಗಳದಲ್ಲಿ ಕುಸಿದು ಗೋಳಿಟ್ಟೆ.

ಪಕ್ಕದ ಮನೆಯ ಜೆನೆಬಾ ಕುಣಿತ ನಿಲ್ಲಿಸಿದಳು. "ಥೂ! ಆ ಕಟುಕನಿಗೋಸ್ಕರ ಅಳ್ತೀಯೇನೇ? ಅವನು ನಿನಗೇನಾಗ್ಬೇಕು?"

"ಗಂಡ, ಅಕ್ಕಾ. ನನ್ನ ಗಂಡ."

ಹಳೆಯ ರೇಡಿಯೋ ತಮಾಷೆ ಎಂದುಕೊಂಡು ಜೆನೆಬಾ ಹೊಟ್ಟೆ ಹಿಡಿದು ನಕ್ಕಳು. ನಗುತ್ತಲೇ ಉಳಿದವರನ್ನೂ ಕೂಗಿ ಕರೆದಳು.